ಮನೆ ತಪಾಸಣೆಗೂ ಒಂದು ಮಾನದಂಡ ಬೇಕು: ರೇರಾ ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ,
ಬೆಂಗಳೂರು

ಮಾನ್ಯರೆ,

ಬೆಂಗಳೂರಿನ ಪೂರ್ವ ಭಾಗದಲ್ಲಿ, ತಮ್ಮ ಪ್ರಾಧಿಕಾರದಲ್ಲಿ ನೋಂದಣಿಯಾದ ವಸತಿ ಸಮುಚ್ಚಯವೊಂದರಲ್ಲಿ ಫ್ಲ್ಯಾಟ್ ಖರೀದಿಸಿ, ಬ್ಯಾಂಕಿನ ಕಂತು ಕಟ್ಟುತ್ತಾ ಅದೇ ಮನೆಯಲ್ಲಿ ವಾಸವಾಗಿರುವ ನಾಗರಿಕ ನಾನು. ಬಿಲ್ಡರ್ ವಿರುದ್ಧ ದೂರು ಇರುವವರಿಗೆ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ 31ನೇ ಸೆಕ್ಷನ್ ದಾರಿ ತೋರಿಸಿದೆ. ನನ್ನ ದೂರನ್ನು ನಾನು ಆ ದಾರಿಯಲ್ಲೇ ಸಲ್ಲಿಸುತ್ತೇನೆ. ಈ ಪತ್ರದ ವಿಷಯ ಬೇರೆ. ಮನೆಯನ್ನು ಸ್ವಾಧೀನಕ್ಕೆ ಪಡೆಯುವ ಮೊದಲು ಖರೀದಿದಾರರು ತಮ್ಮದೇ ಹಣ ಕೊಟ್ಟು ಖಾಸಗಿ ಸಂಸ್ಥೆಗಳಿಂದ ತಪಾಸಣೆ ಮಾಡಿಸುವ ರೂಢಿ ಈಚಿನ ವರ್ಷಗಳಲ್ಲಿ ನಮ್ಮ ನಗರದಲ್ಲಿ ಬೆಳೆದಿದೆ. ಆ ತಪಾಸಣೆ ಹೇಗಿರಬೇಕು, ಅದನ್ನು ಮಾಡುವವರಿಗೆ ಯಾವ ಅರ್ಹತೆ ಇರಬೇಕು ಎಂದು ಹೇಳುವ ನಿಯಮ ಮಾತ್ರ ಎಲ್ಲೂ ಇಲ್ಲ. ಪರಿಣಾಮವಾಗಿ, ಖರೀದಿದಾರರನ್ನು ಕಾಯಬೇಕಾಗಿದ್ದ ವರದಿಯೇ ಮುಂದೆ ಬಿಲ್ಡರ್ ಕೈಯಲ್ಲಿ ಖರೀದಿದಾರರ ವಿರುದ್ಧದ ಸಾಕ್ಷ್ಯವಾಗುತ್ತಿದೆ. ಇದನ್ನು ಸರಿಪಡಿಸುವ ಅಧಿಕಾರ ಸ್ವಲ್ಪಮಟ್ಟಿಗೆ ತಮ್ಮಲ್ಲಿದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನನ್ನ ಮನೆಯ ತಪಾಸಣೆ ನಡೆದದ್ದು ಬೇಸಿಗೆಯಲ್ಲಿ. ಚದರ ಅಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಶುಲ್ಕ ಪಡೆದ ಸಂಸ್ಥೆಯವರು, ಥರ್ಮಲ್ ಕ್ಯಾಮೆರಾ, ತೇವಾಂಶ ಮಾಪಕ, ಲೇಸರ್ ಅಳತೆಯ ಉಪಕರಣಗಳೊಂದಿಗೆ ಬಂದು, ಒಂದು ಮಧ್ಯಾಹ್ನದೊಳಗೆ ಕೆಲಸ ಮುಗಿಸಿ, ನೂರಾರು ಫೋಟೊಗಳಿದ್ದ ವರದಿಯನ್ನು ಕಳುಹಿಸಿದರು. ಬಣ್ಣದ ಮೇಲಿನ ಗೀರು, ಅಡುಗೆಮನೆಯ ಗ್ರಾನೈಟ್ ಅಂಚಿನ ಸಣ್ಣ ಮುಕ್ಕು, ಬಾಗಿಲ ಚಿಲಕದ ಸಡಿಲ, ಟೈಲ್ಸ್ ನಡುವಿನ ಸಿಮೆಂಟ್ ಗೆರೆಯ ಬಣ್ಣದ ವ್ಯತ್ಯಾಸ, ಇವೆಲ್ಲವನ್ನೂ ಆ ವರದಿ ಶ್ರದ್ಧೆಯಿಂದ ದಾಖಲಿಸಿತ್ತು. ಸ್ನಾನದ ಕೋಣೆಗಳ ವಿಷಯದಲ್ಲಿ ‘ತೇವಾಂಶ ಕಂಡುಬಂದಿಲ್ಲ’ ಎಂದೂ, ವಿದ್ಯುತ್ ವಿಷಯದಲ್ಲಿ ‘ಎಲ್ಲ ಬಿಂದುಗಳು ಕಾರ್ಯನಿರ್ವಹಿಸುತ್ತಿವೆ’ ಎಂದೂ ಬರೆದಿತ್ತು. ಬಿಲ್ಡರ್ ಕಡೆಯವರು ಗೀರುಗಳನ್ನು ಉಜ್ಜಿ, ಚಿಲಕ ಬಿಗಿ ಮಾಡಿ, ಪಟ್ಟಿಯಲ್ಲಿದ್ದ ಎಲ್ಲದಕ್ಕೂ ‘ಸರಿಪಡಿಸಲಾಗಿದೆ’ ಎಂಬ ಗುರುತು ಹಾಕಿಕೊಟ್ಟರು.

ಮಳೆ ಶುರುವಾದ ಮೇಲೆ ಬಾಲ್ಕನಿಯಲ್ಲಿ ಬಿದ್ದ ನೀರು ಹೊರಗಿನ ಕೊಳವೆಯತ್ತ ಹೋಗುವ ಬದಲು ಹಾಲ್‌ನೊಳಗೆ ಹರಿಯಿತು. ನೆಲದ ವಾಟ, ಅಂದರೆ ಇಳಿಜಾರು, ಒಳಮುಖವಾಗಿತ್ತು. ಮನೆ ಬಳಕೆಗೆ ಬಂದ ಕೆಲವೇ ವಾರಗಳಲ್ಲಿ ಕೆಳಗಿನ ಮನೆಯವರ ಸ್ನಾನದ ಕೋಣೆಯ ಸೂರಿನಿಂದ ನೀರು ತೊಟ್ಟಿಕ್ಕತೊಡಗಿತು. ಅನುಭವಿ ಮೇಸ್ತ್ರಿಯೊಬ್ಬರು ಟೈಲ್ಸ್ ತೆಗೆಸಿ ನೋಡಿದಾಗ, ಕೊಳವೆಗಳಿಗಾಗಿ ತಗ್ಗಿಸಿದ ಸ್ಲ್ಯಾಬಿನ ಜಲನಿರೋಧಕ ಲೇಪನವನ್ನು ಗೋಡೆಯ ಮೇಲಕ್ಕೆ ಹತ್ತಿಸದೆ ನೆಲದಲ್ಲೇ ನಿಲ್ಲಿಸಿದ್ದು, ನಹನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಬಾಯಿಯ) ಸುತ್ತಲಿನ ಸಂದನ್ನು ಸರಿಯಾಗಿ ಮುಚ್ಚದೆ ಬಿಟ್ಟದ್ದು ಕಂಡಿತು. ಗೀಸರ್ ಅಳವಡಿಸಲು ಬಂದ ಎಲೆಕ್ಟ್ರಿಷಿಯನ್, ಆ ಬಿಂದುವಿನಲ್ಲಿ ಅರ್ಥಿಂಗ್ ತಂತಿಯನ್ನು ಜೋಡಿಸಿಯೇ ಇಲ್ಲ ಎಂದು ತೋರಿಸಿದರು. ನೀರು ಮತ್ತು ವಿದ್ಯುತ್ ಒಟ್ಟಿಗೆ ಇರುವ ಜಾಗದಲ್ಲಿ ಅರ್ಥಿಂಗ್ ಇಲ್ಲದಿರುವುದು ಎಷ್ಟು ಅಪಾಯಕಾರಿ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಮಾತಿಗೆ ಸರಿಯಾಗಿ, ಹೊರಗಿನ ಥಳುಕನ್ನೇ ತಪಾಸಣೆ ಮಾಡಿ ಒಳಗಿನ ಹುಳುಕಿಗೆ ‘ಸರಿಯಿದೆ’ ಎಂಬ ಮೊಹರು ಹಾಕಲಾಗಿತ್ತು.

ಈ ದೋಷಗಳು ಯಾವುವೂ ಪತ್ತೆಗೆ ನಿಲುಕದಂಥವಲ್ಲ ಎಂಬುದು ನನ್ನ ಮುಖ್ಯ ಅಸಮಾಧಾನ. ಬಾಲ್ಕನಿಯ ವಾಟ ನೋಡಲು ಒಂದು ರಸಮಟ್ಟ ಅಥವಾ ಒಂದು ಬಕೆಟ್ ನೀರು ಸಾಕು. ಸ್ನಾನದ ಕೋಣೆಯ ಸೋರಿಕೆ ನೋಡಲು ನೀರು ಹೋಗುವ ಬಾಯಿಯನ್ನು ಮುಚ್ಚಿ, ನೆಲದ ಮೇಲೆ ಒಂದೆರಡು ಅಂಗುಲ ನೀರು ನಿಲ್ಲಿಸಿ, 24ರಿಂದ 48 ಗಂಟೆ ಬಿಟ್ಟು, ಕೆಳಗಿನ ಮನೆಯ ಸೂರನ್ನು ಪರೀಕ್ಷಿಸುವುದು ಕಟ್ಟಡ ಕೆಲಸದಲ್ಲಿ ತೊಡಗಿದ ಎಲ್ಲರಿಗೂ ಗೊತ್ತಿರುವ ಹಳೆಯ ವಿಧಾನ. ಅರ್ಥಿಂಗ್ ನೋಡಲು ಫೇಸ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಅಳೆಯಬೇಕು. ಸರಿಯಾದ ಜೋಡಣೆಯಿದ್ದರೆ ಅಲ್ಲಿ ಹೆಚ್ಚುಕಡಿಮೆ 230 ವೋಲ್ಟ್ ಸಿಗುತ್ತದೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ತೀರ ಕಡಿಮೆ ಇರುತ್ತದೆ. ಬಲ್ಬ್ ಹಾಕಿ ಉರಿಸಿ ನೋಡಿದರೆ ಇದಾವುದೂ ತಿಳಿಯುವುದಿಲ್ಲ, ಏಕೆಂದರೆ ಅರ್ಥಿಂಗ್ ಇಲ್ಲದೆಯೂ ಬಲ್ಬ್ ಉರಿಯುತ್ತದೆ. ಸೋರಿಕೆ ವಿದ್ಯುತ್ 30 ಮಿಲಿ ಆಂಪಿಯರ್ ತಲುಪುವ ಹೊತ್ತಿಗೆ ಸಂಪರ್ಕ ಕಡಿಯಬೇಕಾದ ಸುರಕ್ಷಾ ಸ್ವಿಚ್ಚನ್ನು ಪರೀಕ್ಷಿಸಿದ ದಾಖಲೆಯೂ ನನ್ನ ವರದಿಯಲ್ಲಿ ಇರಲಿಲ್ಲ.

ಥರ್ಮಲ್ ಕ್ಯಾಮೆರಾದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಈ ಸಂಸ್ಥೆಗಳು ಜನರ ವಿಶ್ವಾಸ ಗಳಿಸುವುದೇ ಆ ನೀಲಿ-ಕೇಸರಿ ಚಿತ್ರಗಳ ಮೂಲಕ. ಆ ಕ್ಯಾಮೆರಾ ನೀರನ್ನು ನೋಡುವುದಿಲ್ಲ. ಮೇಲ್ಮೈಯ ಉಷ್ಣಾಂಶದ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ತೇವಗೊಂಡ ಗೋಡೆ ಆರುವಾಗ ತಂಪಾಗುವುದರಿಂದ ಆ ಭಾಗ ಚಿತ್ರದಲ್ಲಿ ಬೇರೆ ಬಣ್ಣದಲ್ಲಿ ಕಾಣುತ್ತದೆ. ಗೋಡೆ ತೇವವಾಗಿಯೇ ಇಲ್ಲದಿದ್ದರೆ ಕಾಣಲು ಏನೂ ಇರುವುದಿಲ್ಲ. ಯಾರೂ ಇನ್ನೂ ಸ್ನಾನ ಮಾಡಿರದ, ನಲ್ಲಿಯನ್ನೇ ತೆರೆದಿರದ ಕೋಣೆಯಲ್ಲಿ, ಮಳೆ ಇಲ್ಲದ ತಿಂಗಳಲ್ಲಿ ತೆಗೆದ ಥರ್ಮಲ್ ಚಿತ್ರವು ಸೋರಿಕೆ ಇಲ್ಲ ಎಂಬುದಕ್ಕೆ ಪುರಾವೆಯಾಗಲಾರದು. ತಪಾಸಣೆ ಮಾಡುವವರಿಗೆ ಇದು ತಿಳಿದಿಲ್ಲದಿದ್ದರೆ ಅವರಿಗೆ ಆ ಕೆಲಸ ಮಾಡುವ ಅರ್ಹತೆ ಇಲ್ಲ. ತಿಳಿದಿದ್ದೂ ‘ತೇವಾಂಶ ಕಂಡುಬಂದಿಲ್ಲ’ ಎಂದು ಬರೆದಿದ್ದರೆ ಅದು ಗ್ರಾಹಕರನ್ನು ದಾರಿ ತಪ್ಪಿಸುವ ಹೇಳಿಕೆ. ‘ಒಣ ಸ್ಥಿತಿಯಲ್ಲಿ ನೋಡಲಾಗಿದೆ, ನೀರು ನಿಲ್ಲಿಸಿ ಪರೀಕ್ಷಿಸಿಲ್ಲ’ ಎಂಬ ಒಂದು ಸಾಲನ್ನು ವರದಿಯಲ್ಲಿ ಸೇರಿಸಿದ್ದರೆ ನಾನು ಆ ಪರೀಕ್ಷೆ ಮಾಡಿಸದೆ ಕೀಲಿ ಪಡೆಯುತ್ತಿರಲಿಲ್ಲ.

ಸಂಸ್ಥೆಯನ್ನು ಕೇಳಿದಾಗ ಬಂದ ಉತ್ತರ ಚುಟುಕಾಗಿತ್ತು. ತಮ್ಮದು ಕಣ್ಣಿಗೆ ಕಾಣುವುದನ್ನು ಮಾತ್ರ ನೋಡುವ ತಪಾಸಣೆ, ಒಪ್ಪಂದದ ಷರತ್ತಿನಂತೆ ತಮ್ಮ ಹೊಣೆಗಾರಿಕೆ ಪಾವತಿಸಿದ ಶುಲ್ಕಕ್ಕೆ ಸೀಮಿತ, ಎಂದು ಅವರು ತಿಳಿಸಿದರು. ಅದಕ್ಕಿಂತ ನೋವು ತಂದದ್ದು ಬಿಲ್ಡರ್ ಕಚೇರಿಯ ಉತ್ತರ. ‘ನೀವೇ ನೇಮಿಸಿದ ತಜ್ಞರು ಪರಿಶೀಲಿಸಿ, ಅವರ ಪಟ್ಟಿಯಂತೆ ಎಲ್ಲವನ್ನೂ ಸರಿಪಡಿಸಿ, ನೀವು ಸಹಿ ಮಾಡಿ ಸ್ವಾಧೀನ ಪಡೆದಿದ್ದೀರಿ, ಈಗಿನ ಸೋರಿಕೆ ಬಳಕೆಯಿಂದ ಉಂಟಾದದ್ದು’ ಎಂಬುದು ಅದರ ಸಾರ. ಹೀಗೆ ನಾನು ಹಣ ಕೊಟ್ಟು ಪಡೆದ ವರದಿ ಬಿಲ್ಡರ್‌ಗೆ ಪುಕ್ಕಟೆ ರಕ್ಷಣೆಯಾಯಿತು. ತಪಾಸಣೆಯನ್ನೇ ಮಾಡಿಸದೆ ಇದ್ದಿದ್ದರೆ ಆ ವಾದಕ್ಕೆ ಅವಕಾಶವೇ ಇರುತ್ತಿರಲಿಲ್ಲ ಎಂಬುದು ಈ ವ್ಯವಸ್ಥೆಯಲ್ಲಿನ ದೊಡ್ಡ ಅನ್ಯಾಯ.

ಕಾನೂನಿನ ದೃಷ್ಟಿಯಲ್ಲಿ ಆ ವಾದ ನಿಲ್ಲಬಾರದು. ಕಾಯ್ದೆಯ 14(3)ನೇ ಸೆಕ್ಷನ್ ಸ್ಪಷ್ಟವಾಗಿದೆ: ಕಟ್ಟಡದ ರಚನೆಯಲ್ಲಿ ಆಗಲಿ, ಕಾಮಗಾರಿ, ಗುಣಮಟ್ಟ ಅಥವಾ ಸೇವೆಗಳ ಒದಗಿಸುವಿಕೆಯಲ್ಲಿ ಆಗಲಿ ದೋಷವಿದ್ದು, ಸ್ವಾಧೀನ ನೀಡಿದ ದಿನದಿಂದ 5 ವರ್ಷಗಳೊಳಗೆ ಅದನ್ನು ಗಮನಕ್ಕೆ ತಂದರೆ, ಪ್ರವರ್ತಕರು (ಅಂದರೆ ಬಿಲ್ಡರ್) ಹೆಚ್ಚುವರಿ ಹಣ ಕೇಳದೆ 30 ದಿನಗಳೊಳಗೆ ಸರಿಪಡಿಸಬೇಕು, ತಪ್ಪಿದರೆ ಖರೀದಿದಾರರು ಪರಿಹಾರಕ್ಕೆ ಅರ್ಹರು. ಖರೀದಿದಾರರು ಮೊದಲೇ ತಪಾಸಣೆ ಮಾಡಿಸಿದ್ದರೆ ಈ ಹೊಣೆ ಕಡಿಮೆಯಾಗುತ್ತದೆ ಎಂಬ ಮಾತು ಆ ಸೆಕ್ಷನ್‌ನಲ್ಲಿ ಇಲ್ಲ. ಆದರೆ ಕಾಯ್ದೆಯಲ್ಲಿ ಇಲ್ಲದ ಮಾತನ್ನು ಪತ್ರದಲ್ಲಿ ಬರೆದು ಕಳುಹಿಸಿದಾಗ, ಹತ್ತರಲ್ಲಿ ಹಲವರು ಅದನ್ನೇ ನಿಜವೆಂದು ನಂಬಿ, ತಮ್ಮ ಕೈಯಿಂದಲೇ ದುರಸ್ತಿ ಮಾಡಿಸಿಕೊಂಡು ಸುಮ್ಮನಾಗುತ್ತಾರೆ.

ಇನ್ನು ತಪಾಸಣೆ ಸಂಸ್ಥೆಯ ವಿಷಯ. ತಮ್ಮ ಕಾಯ್ದೆ ಗುರುತಿಸುವುದು ಪ್ರವರ್ತಕರು, ಖರೀದಿದಾರರು, ಏಜೆಂಟರು ಈ ಮೂವರನ್ನು. ಮನೆ ತೋರಿಸಿ ಕಮಿಷನ್ ಪಡೆಯುವ ಏಜೆಂಟರು 9ನೇ ಸೆಕ್ಷನ್ ಪ್ರಕಾರ ನೋಂದಣಿ ಮಾಡಿಸಲೇಬೇಕು. ಖರೀದಿದಾರರಿಂದ ಪಡೆದು ಯೋಜನೆಯ ಪ್ರತ್ಯೇಕ ಖಾತೆಯಲ್ಲಿಟ್ಟ 70 ಶೇಕಡಾ ಹಣದಿಂದ ಪ್ರವರ್ತಕರು ಹಣ ತೆಗೆಯಬೇಕಾದರೆ ಎಂಜಿನಿಯರ್, ವಾಸ್ತುಶಿಲ್ಪಿ, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ದೃಢೀಕರಿಸಬೇಕು. ವಾಸ್ತುಶಿಲ್ಪಿಗಳ ವೃತ್ತಿಗೆ 1972ರ ಕಾಯ್ದೆಯೇ ಇದೆ. ಅದೇ ಮನೆಯ ಗುಣಮಟ್ಟದ ಬಗ್ಗೆ ಖರೀದಿದಾರರಿಗೆ ಕೊನೆಯ ಮಾತು ಹೇಳುವ ವ್ಯಕ್ತಿ ಮಾತ್ರ ಯಾವ ನೋಂದಣಿಯೂ ಇಲ್ಲದೆ, ಯಾವ ಪರೀಕ್ಷೆಯನ್ನೂ ಪಾಸು ಮಾಡದೆ, ಉಪಕರಣಗಳನ್ನು ಕೊಂಡು ಜಾಲತಾಣವೊಂದನ್ನು ತೆರೆದು ಕೆಲಸ ಶುರು ಮಾಡಬಹುದು. ನನ್ನ ಮನೆಗೆ ಬಂದವರಲ್ಲಿ ಸಿವಿಲ್ ಎಂಜಿನಿಯರ್ ಯಾರು, ವಿದ್ಯುತ್ ಪರವಾನಗಿ ಇದ್ದವರು ಯಾರು ಎಂಬುದು ವರದಿಯಲ್ಲಿ ಎಲ್ಲಿಯೂ ಇರಲಿಲ್ಲ. ಸಹಿಯ ಜಾಗದಲ್ಲಿ ಸಂಸ್ಥೆಯ ಮುದ್ರೆ ಮಾತ್ರ ಇತ್ತು.

ಗ್ರಾಹಕ ನ್ಯಾಯಾಲಯವಿದೆಯಲ್ಲ ಎಂದು ಕೇಳಬಹುದು. ಇದೆ, ನಿಜ. ಮನೆ ಕಟ್ಟಿಕೊಡುವುದೂ ಸೇವೆಯೇ ಎಂದು ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದ ಮೇಲೆ, ಕಟ್ಟಿದ ಮನೆಯನ್ನು ಶುಲ್ಕ ಪಡೆದು ಪರೀಕ್ಷಿಸುವುದು ಸೇವೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆಗೂ ಅನ್ಯಾಯದ ಒಪ್ಪಂದಕ್ಕೂ ಪರಿಹಾರ ಹೇಳಿದೆ. ಆದರೆ ನ್ಯೂನತೆ ಎಂದರೆ ಯಾವ ಮಟ್ಟಕ್ಕಿಂತ ಕಡಿಮೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಷ್ಟು ಪರೀಕ್ಷೆ ಮಾಡಲೇಬೇಕಿತ್ತು ಎಂದು ಬೆರಳಿಟ್ಟು ತೋರಿಸಲು ಲಿಖಿತ ಮಾನದಂಡವೇ ಇಲ್ಲದಿದ್ದಾಗ, ಸಂಸ್ಥೆ ತನ್ನ ಷರತ್ತುಗಳನ್ನೇ ಮಾನದಂಡವೆಂದು ಮುಂದಿಡುತ್ತದೆ. ಅಲ್ಲದೆ ಆ ಕಾಯ್ದೆಯ ಕಾಲಮಿತಿ, ವ್ಯಾಜ್ಯ ಕಾರಣ (ದೂರು ಕೊಡಲು ಆಧಾರವಾದ ಸಂಗತಿ) ಹುಟ್ಟಿದ ದಿನದಿಂದ 2 ವರ್ಷ. ಬಿಲ್ಡರ್ ಹೊಣೆ 5 ವರ್ಷ. ಮೂರನೇ ಮಳೆಗಾಲದಲ್ಲಿ ಗೋಡೆ ಉಪ್ಪು ಬಿಡತೊಡಗಿದರೆ, ವ್ಯಾಜ್ಯ ಕಾರಣ ವರದಿ ಕೊಟ್ಟ ದಿನ ಹುಟ್ಟಿತೋ ಉಪ್ಪು ಕಂಡ ದಿನ ಹುಟ್ಟಿತೋ ಎಂಬ ವಾದದಲ್ಲೇ ಖರೀದಿದಾರರು ಸವೆದುಹೋಗುತ್ತಾರೆ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಎದುರಿಸಿ ದಾರಿ ಕಂಡುಕೊಂಡಿವೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಮನೆ ತಪಾಸಕರು ಸರ್ಕಾರಿ ಆಯೋಗದಿಂದ ಪರವಾನಗಿ ಪಡೆಯಬೇಕು. ಏನನ್ನು ನೋಡಲೇಬೇಕು ಎಂಬ ಮಾನದಂಡವನ್ನು ಅದೇ ಆಯೋಗ ಗೊತ್ತುಪಡಿಸಿದೆ. ಕೆನಡಾದಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2009ರಲ್ಲೇ ಪರವಾನಗಿ ಕಡ್ಡಾಯ ಮಾಡಿತು. ಬ್ರಿಟನ್ನಿನ ಒಂದು ತೀರ್ಪಂತೂ ನನ್ನ ಪ್ರಕರಣಕ್ಕೆ ಬಹಳ ಹತ್ತಿರದ್ದು. 1989ರಲ್ಲಿ ಅಲ್ಲಿನ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಸ್ಮಿತ್ ಮತ್ತು ಎರಿಕ್ ಎಸ್. ಬುಷ್ ನಡುವಿನ ವ್ಯಾಜ್ಯದಲ್ಲಿ, ಮನೆಯನ್ನು ನೋಡಿ ವರದಿ ಕೊಟ್ಟ ಸರ್ವೇಯರ್, ಕೆಳಗಿನ ಆಧಾರವನ್ನು ಒಡೆದು ತೆಗೆದಿದ್ದ ಚಿಮಣಿಗೆ ಮೇಲೆ ಬೇರೆ ಆಸರೆ ಕೊಟ್ಟಿದ್ದಾರೆಯೇ ಎಂದು ಪರೀಕ್ಷಿಸಿರಲಿಲ್ಲ. ಮುಂದೆ ಆ ಚಿಮಣಿ ಕುಸಿಯಿತು. ತಮಗೆ ಹೊಣೆಯಿಲ್ಲ ಎಂದು ವರದಿಯಲ್ಲೇ ಬರೆದಿದ್ದ ಷರತ್ತನ್ನು ನ್ಯಾಯಾಲಯ ನ್ಯಾಯೋಚಿತವಲ್ಲವೆಂದು ತಳ್ಳಿಹಾಕಿತು. ಆ ಸರ್ವೇಯರ್‌ರನ್ನು ನೇಮಿಸಿದ್ದು ಸಾಲ ಕೊಟ್ಟ ಸಂಸ್ಥೆ. ಆದರೂ ವರದಿಯನ್ನು ನಂಬಿ ಮನೆ ಕೊಂಡ ಮಹಿಳೆಯ ಬಗ್ಗೆ ಸರ್ವೇಯರ್‌ಗೆ ಹೊಣೆಯಿತ್ತು ಎಂದು ನ್ಯಾಯಾಲಯ ಹೇಳಿತು. ಸ್ವತಃ ಖರೀದಿದಾರರೇ ನೇಮಿಸಿದ ತಪಾಸಕರಿಗೆ ಅದಕ್ಕಿಂತ ಕಡಿಮೆ ಹೊಣೆ ಇರಲು ಹೇಗೆ ಸಾಧ್ಯ?

ತಪಾಸಣೆಗೂ ಮಿತಿಗಳಿವೆ ಎಂಬುದನ್ನು ನಾನು ಒಪ್ಪುತ್ತೇನೆ. ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೊ ಸಮುಚ್ಚಯದಲ್ಲಿ 2022ರ ಫೆಬ್ರುವರಿಯಲ್ಲಿ ಮಹಡಿಗಳು ಒಂದರ ಮೇಲೊಂದು ಕುಸಿದು ಇಬ್ಬರು ಮಹಿಳೆಯರು ಸತ್ತ ಮೇಲೆ, ದೆಹಲಿಯ ಐಐಟಿ ತಜ್ಞರು ಪರೀಕ್ಷಿಸಿದಾಗ ಕಾಂಕ್ರೀಟಿನಲ್ಲಿ ಕ್ಲೋರೈಡ್ ಅಂಶ ಸೇರಿ ಒಳಗಿನ ಕಬ್ಬಿಣ ತುಕ್ಕು ಹಿಡಿದದ್ದು ಕಂಡುಬಂತು. ಅಂಥ ದೋಷವನ್ನು ಒಂದು ಮಧ್ಯಾಹ್ನದ ಭೇಟಿಯಲ್ಲಿ ಯಾರೂ ಕಂಡುಹಿಡಿಯಲಾರರು. ಅದಕ್ಕೆ ಕಾಂಕ್ರೀಟನ್ನು ಕೊರೆದು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಹಾಗಾಗಿ ಮಾನದಂಡವೆಂದರೆ ಏನನ್ನು ನೋಡಬೇಕು ಎಂಬ ಪಟ್ಟಿಯ ಜೊತೆಗೆ, ಏನನ್ನು ನೋಡಿಲ್ಲ ಎಂಬುದನ್ನು ಮೊದಲ ಪುಟದಲ್ಲೇ, ಖರೀದಿದಾರರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುವ ಕಟ್ಟುಪಾಡೂ ಆಗಿರಬೇಕು. ಗಲ್ಫ್ ದೇಶಗಳಲ್ಲೋ ಅಮೆರಿಕದಲ್ಲೋ ದುಡಿಯುತ್ತಾ ಇಲ್ಲಿ ಮನೆ ಕೊಳ್ಳುವ ಕನ್ನಡಿಗರು ಮನೆಯನ್ನು ಕಣ್ಣಾರೆ ನೋಡುವ ಮೊದಲೇ ಈ ವರದಿಯನ್ನು ನಂಬಿ ಕೊನೆಯ ಕಂತು ಕಳುಹಿಸುತ್ತಾರೆ. ಅವರಿಗೆ ಆ ಮೊದಲ ಪುಟವೇ ಎಲ್ಲಕ್ಕಿಂತ ಮುಖ್ಯ.

ತಪಾಸಣೆ ಕಳಪೆಯಾಗಲು ಬಿಲ್ಡರ್‌ಗಳ ಪಾಲೂ ಇದೆ. ನನ್ನ ತಪಾಸಣೆಯ ದಿನ ಟ್ಯಾಂಕಿನಿಂದ ನೀರಿನ ಸಂಪರ್ಕ ಕೊಟ್ಟಿರಲಿಲ್ಲ, ವಿದ್ಯುತ್ ತಾತ್ಕಾಲಿಕವಾಗಿತ್ತು, ಕೊಳವೆಗಳು ಹಾದುಹೋಗುವ ಶಾಫ್ಟಿನ ಬಾಗಿಲಿಗೆ ಬೀಗವಿತ್ತು, ಕೆಳಗಿನ ಮನೆಯ ಕೀಲಿಯನ್ನು ಕೊಡಲಿಲ್ಲ. ವಾಸಯೋಗ್ಯ ಪ್ರಮಾಣಪತ್ರ ಬಂದ ಮೇಲೆ ಎರಡು ತಿಂಗಳೊಳಗೆ ಸ್ವಾಧೀನ ಪಡೆಯಬೇಕು ಎಂದು 19(10)ನೇ ಸೆಕ್ಷನ್ ಖರೀದಿದಾರರಿಗೆ ಗಡುವು ಹಾಕಿದೆ. ಆ ಗಡುವನ್ನು ನೆನಪಿಸಿ ಅವಸರ ಮಾಡುವ ಪ್ರವರ್ತಕರು, ಸರಿಯಾದ ಪರೀಕ್ಷೆಗೆ ಬೇಕಾದ ಎರಡು ದಿನಗಳನ್ನು ಮಾತ್ರ ಕೊಡಲು ಒಪ್ಪುವುದಿಲ್ಲ. ಇಂಥ ಸ್ಥಿತಿಯಲ್ಲಿ ಪ್ರಾಮಾಣಿಕ ತಪಾಸಕರು ‘ಪರೀಕ್ಷೆ ಸಾಧ್ಯವಾಗಲಿಲ್ಲ’ ಎಂದು ಬರೆದು ಬರಬೇಕಿತ್ತು ಎಂಬುದು ನನ್ನ ನಿಲುವು. ಹಾಗೆ ಬರೆದರೆ ಮುಂದಿನ ಗ್ರಾಹಕರು ಸಿಗುವುದಿಲ್ಲ ಎಂಬ ಭಯ ಅವರಿಗಿದ್ದರೆ, ಆ ಭಯವನ್ನು ಹೋಗಲಾಡಿಸಲು ಎಲ್ಲರಿಗೂ ಒಂದೇ ನಿಯಮ ಬೇಕು.

ಆದ್ದರಿಂದ ಪ್ರಾಧಿಕಾರದಲ್ಲಿ ನನ್ನ ಮೊದಲ ಮನವಿ, ಹೊಸ ಕಾನೂನಿಗೆ ಕಾಯದೆ ಈಗಲೇ ಮಾಡಬಹುದಾದದ್ದು. ಖರೀದಿದಾರರು ಸ್ವಾಧೀನಕ್ಕೆ ಮೊದಲು ತಪಾಸಣೆ ಮಾಡಿಸಿದ್ದರಿಂದಾಗಲಿ, ದೋಷಗಳ ಪಟ್ಟಿಗೆ ಸಹಿ ಮಾಡಿದ್ದರಿಂದಾಗಲಿ 14(3)ನೇ ಸೆಕ್ಷನ್ ಅಡಿಯ ಪ್ರವರ್ತಕರ ಹೊಣೆ ಕಡಿಮೆಯಾಗುವುದಿಲ್ಲ, ಹಾಗೆ ಬರೆದ ಸ್ವಾಧೀನ ಪತ್ರದ ಷರತ್ತುಗಳಿಗೆ ಬೆಲೆಯಿಲ್ಲ ಎಂದು 37ನೇ ಸೆಕ್ಷನ್ ನೀಡಿರುವ ಅಧಿಕಾರ ಬಳಸಿ ಎಲ್ಲ ಪ್ರವರ್ತಕರಿಗೆ ನಿರ್ದೇಶನ ನೀಡಬೇಕು. ಅದೇ ನಿರ್ದೇಶನದಲ್ಲಿ, ಅಂತಿಮ ಕಂತು ಕೇಳುವ ಮೊದಲು ನೀರು ಮತ್ತು ವಿದ್ಯುತ್ ಸಂಪರ್ಕವಿರುವ ಸ್ಥಿತಿಯಲ್ಲಿ ಕನಿಷ್ಠ ಎರಡು ದಿನ ಮನೆಯನ್ನು ತಪಾಸಣೆಗೆ ಬಿಟ್ಟುಕೊಡಬೇಕು, ಶಾಫ್ಟ್ ಹಾಗೂ ಕೆಳಗಿನ ಮನೆಯ ಸೂರನ್ನು ನೋಡಲು ಅವಕಾಶ ಮಾಡಿಕೊಡಬೇಕು ಎಂದೂ ಸೇರಿಸಬೇಕು. ಸ್ವಾಧೀನದ ನಂತರ ದಾಖಲೆ ಮತ್ತು ನಕ್ಷೆಗಳನ್ನು ಪಡೆಯುವ ಹಕ್ಕನ್ನು 19(5)ನೇ ಸೆಕ್ಷನ್ ಹೇಗೂ ಕೊಟ್ಟಿದೆ. ಕೊಳವೆ ಮತ್ತು ವಿದ್ಯುತ್ ಮಾರ್ಗಗಳ ನಕ್ಷೆಯನ್ನು ತಪಾಸಣೆಯ ದಿನವೇ ಕೊಟ್ಟರೆ ಯಾರಿಗೂ ನಷ್ಟವಿಲ್ಲ.

ಎರಡನೆಯದು ಸರ್ಕಾರದ ಕೈಯಲ್ಲಿರುವುದು, ಆದರೆ ಶುರುವಾಗಬೇಕಾದದ್ದು ತಮ್ಮಿಂದ. ಖರೀದಿದಾರರ ಹಿತರಕ್ಷಣೆಗೆ ಬೇಕಾದ ಕ್ರಮಗಳನ್ನು ರಾಜ್ಯ ಸರ್ಕಾರಕ್ಕೆ ಶಿಫಾರಸು ಮಾಡುವುದು 32ನೇ ಸೆಕ್ಷನ್ ತಮಗೆ ವಹಿಸಿರುವ ಕೆಲಸ. ಮನೆ ತಪಾಸಕರ ನೋಂದಣಿ, ವರದಿಗೆ ಸಹಿ ಮಾಡುವವರ ವಿದ್ಯಾರ್ಹತೆ ಮತ್ತು ವಿದ್ಯುತ್ ಪರವಾನಗಿಯ ವಿವರ, ಕಡ್ಡಾಯ ಪರೀಕ್ಷೆಗಳ ಪಟ್ಟಿ, ವೃತ್ತಿ ಹೊಣೆಗಾರಿಕೆಯ ವಿಮೆ, ಆ ಬಿಲ್ಡರ್‌ನಿಂದಲೋ ಒಳಾಂಗಣ ವಿನ್ಯಾಸ ಸಂಸ್ಥೆಯಿಂದಲೋ ತಪಾಸಕರಿಗೆ ಆದಾಯವಿದ್ದರೆ ಅದರ ಘೋಷಣೆ, ಇವಿಷ್ಟು ಆ ಶಿಫಾರಸಿನಲ್ಲಿ ಇರಲಿ. ಕಡ್ಡಾಯ ಪಟ್ಟಿ ಉದ್ದವಾಗಬೇಕಿಲ್ಲ. ಸ್ನಾನದ ಕೋಣೆ ಮತ್ತು ಬಾಲ್ಕನಿಯಲ್ಲಿ ನೀರು ನಿಲ್ಲಿಸುವ ಪರೀಕ್ಷೆ, ನೆಲದ ವಾಟ, ಕಿಟಕಿ ಚೌಕಟ್ಟಿನ ಸುತ್ತ ಹೊರಗಿನಿಂದ ನೀರು ಸಿಂಪಡಿಸಿ ನೋಡುವುದು, ಪ್ರತಿ ಪ್ಲಗ್ ಬಿಂದುವಿನ ಅರ್ಥಿಂಗ್, ಸುರಕ್ಷಾ ಸ್ವಿಚ್ಚಿನ ಪರೀಕ್ಷೆ, ಇಷ್ಟನ್ನು ಅಳತೆಯ ಅಂಕಿಗಳೊಂದಿಗೆ ದಾಖಲಿಸುವುದು ಕಡ್ಡಾಯವಾದರೂ ನನ್ನಂಥವರಿಗೆ ಆಗಿರುವ ತೊಂದರೆಯ ಬಹುಪಾಲು ತಪ್ಪುತ್ತದೆ. ಬಣ್ಣದ ಗೀರುಗಳನ್ನು ನಾವೇ ನೋಡಿಕೊಳ್ಳಬಲ್ಲೆವು.

ಈ ಪತ್ರವನ್ನು ಓದುತ್ತಿರುವ, ಸದ್ಯದಲ್ಲೇ ಕೀಲಿ ಪಡೆಯಲಿರುವ ಖರೀದಿದಾರರಲ್ಲಿಯೂ ಒಂದು ಕೋರಿಕೆಯಿದೆ. ತಪಾಸಣೆಗೆ ಹಣ ಕೊಡುವ ಮೊದಲು, ನೀರು ನಿಲ್ಲಿಸಿ ಪರೀಕ್ಷಿಸುತ್ತೀರಾ, ಅರ್ಥಿಂಗ್ ಅಳೆದು ಅಂಕಿ ಬರೆಯುತ್ತೀರಾ, ವರದಿಗೆ ಯಾರು ಸಹಿ ಮಾಡುತ್ತಾರೆ ಎಂದು ಲಿಖಿತವಾಗಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಸ್ವಾಧೀನ ಪತ್ರಕ್ಕೆ ಸಹಿ ಮಾಡುವಾಗ ‘14(3)ನೇ ಸೆಕ್ಷನ್ ಅಡಿಯ ಹಕ್ಕುಗಳನ್ನು ಕಾಯ್ದಿರಿಸಿಕೊಂಡು’ ಎಂಬ ಒಂದು ಸಾಲನ್ನು ನಿಮ್ಮ ಕೈಬರಹದಲ್ಲೇ ಸೇರಿಸಿ. ಸೋರಿಕೆ ಕಂಡ ದಿನವೇ ಫೋಟೊ ತೆಗೆದು, ಪ್ರವರ್ತಕರಿಗೆ ಇಮೇಲ್ ಮತ್ತು ನೋಂದಾಯಿತ ಅಂಚೆ ಎರಡರ ಮೂಲಕವೂ ತಿಳಿಸಿ. ಕಾಯ್ದೆಯ 30 ದಿನಗಳ ಲೆಕ್ಕ ನೀವು ಗಮನಕ್ಕೆ ತಂದ ಮೇಲಷ್ಟೇ ಶುರುವಾಗುತ್ತದೆ.

ಮಾನ್ಯರೆ, ಮೇಲೆ ಕೇಳಿಕೊಂಡ ನಿರ್ದೇಶನದ ಕರಡನ್ನು ಪ್ರಾಧಿಕಾರವು ಸಾರ್ವಜನಿಕರ ಮುಂದಿಟ್ಟು ಆಕ್ಷೇಪಣೆಗಳನ್ನು ಆಹ್ವಾನಿಸಿದರೆ, ನನ್ನ ಬಳಿ ಇರುವ ತಪಾಸಣಾ ವರದಿ, ಟೈಲ್ಸ್ ತೆಗೆದಾಗಿನ ಚಿತ್ರಗಳು, ಸಂಸ್ಥೆ ಮತ್ತು ಬಿಲ್ಡರ್ ಕಚೇರಿಯ ಉತ್ತರಗಳು, ಇವೆಲ್ಲವನ್ನೂ ಒದಗಿಸಲು ನಾನು ಸಿದ್ಧನಿದ್ದೇನೆ. ಮುಂದಿನ ಮುಂಗಾರಿಗೆ ಮೊದಲು ಆ ಕರಡು ಪ್ರಕಟವಾಗಲಿ ಎಂದು ಕೋರುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ಮನೆ ಖರೀದಿದಾರ